ನಡುವಿನ ಅಡ್ಡ ಪುಟ

೭ ಡಿಸೆಂಬರ್ ೧೯೮೧, ವಡಗಾವಿ, ಬೆಳಗಾವಿ

ಇಂದಿನಿಂದ ನಾನು ಕಾಲೇಜಿನ ನೌಕರ. ಅಂದರೆ ಅರ್ಧ ನೌಕರ. ವಿದ್ಯಾರ್ಥಿಗಳ ವಾರ್ಷಿಕ ಸಂಚಿಕೆ 'ದೀಪಮಾಲೆ'ಯ ಇಪ್ಪತ್ತೈದನೆಯ ಪುಸ್ತಕ ಮಾರ್ಚಿನಲ್ಲಿ ಬರಬೇಕು. ಅದನ್ನು ಅಚ್ಚಿಗೆ ಸಿದ್ಧಮಾಡುವುದು, ಜೊತೆಗೆ ಅದರ ಚರಿತ್ರೆಯನ್ನು ಒಂದು ಪುಟದಲ್ಲಿ ಬರೆಯುವುದು ನನ್ನ ಕೆಲಸ. ಸರಿಯಾಗಿ ಮಾಡಿದರೆ ಜೂನ್‌ನಲ್ಲಿ ಖಾಲಿಯಾಗುವ ಕನ್ನಡ ಅಧ್ಯಾಪಕನ ಜಾಗ ನನಗೇ ಎಂದು ವಿಭಾಗದ ಮುಖ್ಯಸ್ಥ ಗುರುಪುತ್ರಪ್ಪ ಸರ್ ಹೇಳಿದರು. ಹೇಳುವಾಗ ಅವರ ಬಾಯಿಂದ ಎಲೆಅಡಿಕೆಯ ಕೆಂಪು ಹನಿಯೊಂದು ಹಾರಿ ನನ್ನ ಅಂಗಿಯ ತೋಳಿನ ಮೇಲೆ ಬಿತ್ತು. ಒರೆಸಿಕೊಂಡರೆ ಅವರಿಗೆ ಕಂಡೀತು ಎಂದು ಸುಮ್ಮನೆ ನಿಂತೆ. ಉಳಿದ ಮಾತು ಏನಾಯಿತೋ ತಿಳಿಯಲಿಲ್ಲ. ಆ ಹನಿಯನ್ನೇ ನೋಡುತ್ತಿದ್ದೆ.

ಕೋಣೆಗೆ ಬಂದು ಅಂಗಿಗೆ ಸಾಬೂನು ತಿಕ್ಕುತ್ತಿದ್ದಾಗ ಮನೆಯೊಡತಿ ಚಂದ್ರವ್ವ ಮಗ್ಗದ ಕೋಣೆಯಿಂದ ಇಣುಕಿ ನೋಡಿದಳು.

"ಏನ್ರೀ ಚನ್ನಬಸಯ್ಯನವರ, ನೌಕರಿ ಸಿಕ್ಕ ದಿನ ಪೇಢೆ ಹಂಚೂದು ಬಿಟ್ಟು ಅಂಗಿ ಒಗ್ಯಾಕ ಕುಂತೀರಿ? ಊರೆಲ್ಲಾ ಹೊಲಸು, ನೀವೊಬ್ರಽ ಮಡಿ!"

ಕಲೆ ಹೋಗಿಲ್ಲ.

೧೧ ಡಿಸೆಂಬರ್

ಗ್ರಂಥಾಲಯದ ಮೂಲೆಯ ಕಪಾಟು ತೆಗೆಸಿದೆ. ಇಲಿಯ ಹಿಕ್ಕೆ, ಒಣಗಿ ಚಪ್ಪಟೆಯಾದ ಹಲ್ಲಿ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಇಡೀ ದಿನ ಕುಳಿತೆ. ಪುಟ ತಿರುಗಿಸಲು ಯಾರು ಯಾರೋ ಬೆರಳಿಗೆ ಹಚ್ಚಿದ ಎಂಜಲು ಎಲ್ಲ ಮೂಲೆಗಳಲ್ಲಿ ಕಂದು ಬಣ್ಣಕ್ಕೆ ತಿರುಗಿದೆ.

'ದೀಪಮಾಲೆ' ವಿಚಿತ್ರ ಪುಸ್ತಕ. ಒಂದು ಕಡೆಯಿಂದ ತೆರೆದರೆ ಕನ್ನಡ. ಮುಚ್ಚಿ ತಲೆಕೆಳಗಾಗಿ ಹೊರಳಿಸಿದರೆ ಇನ್ನೊಂದು ಮುಖಪುಟ, ಅಲ್ಲಿಂದ ಮರಾಠಿ. ಪುಸ್ತಕಕ್ಕೆ ಹಿಂಬದಿಯೇ ಇಲ್ಲ. ಎರಡು ಭಾಷೆಗಳು ನಡುವೆ ಬಂದು ಕೂಡುವಲ್ಲಿ ಒಂದು ಪುಟ ಮಾತ್ರ ಅಡ್ಡಡ್ಡ ಅಚ್ಚಾಗಿರುತ್ತದೆ. ಅದನ್ನು ಓದಲು ಕನ್ನಡದವರೂ ಪುಸ್ತಕವನ್ನು ಕಾಲುಸುತ್ತು ತಿರುಗಿಸಬೇಕು, ಮರಾಠಿಯವರೂ ಕಾಲುಸುತ್ತು ತಿರುಗಿಸಬೇಕು. ೧೯೫೮ರ ಮೊದಲ ಸಂಚಿಕೆಯಲ್ಲಿ ಆ ಪುಟದಲ್ಲಿ ಯಾರೋ ಒಂದು ಸಾಲು ಕನ್ನಡ, ಒಂದು ಸಾಲು ಮರಾಠಿ ಬರೆದಿದ್ದಾರೆ: 'ಇಲ್ಲಿಯವರೆಗೆ ಬಂದಿರಿ. ಇನ್ನು ಸ್ವಲ್ಪ ಕತ್ತು ಹೊರಳಿಸಿ ಆಚೆಯವರನ್ನೂ ನೋಡಿರಿ.' ಹೆಸರಿಲ್ಲ. ಮುಂದಿನ ವರ್ಷಗಳಲ್ಲಿ ಅದೇ ಪುಟದಲ್ಲಿ ಛತ್ರಿ ಅಂಗಡಿಯ, ಕೇಶತೈಲದ, ಮೂಲವ್ಯಾಧಿ ಮಲಾಮಿನ ಜಾಹೀರಾತು.

೧೮ ಡಿಸೆಂಬರ್

ಸಂಪಾದಕ ಮಂಡಳಿಯ ಸಭೆ. ಮುಖ್ಯ ವಿಷಯ: ಬಿಡುಗಡೆಯ ದಿನ ಮೇಜಿನ ಮೇಲೆ ಪುಸ್ತಕದ ಯಾವ ಮುಖ ಮೇಲಿರಬೇಕು.

"ಹ್ವಾದ ವರ್ಷ ನಿಮ್ಮ ಬಾಜೂ ಮ್ಯಾಲ ಇತ್ತು. ಈ ವರ್ಷ ನಮ್ದು," ಎಂದರು ಮರಾಠಿಯ ಬಾಳಾಸಾಹೇಬ ಸರ್, ಸ್ಕೂಟರಿನ ಕೀಲಿಯಿಂದ ಕಿವಿ ಕೆರೆದುಕೊಳ್ಳುತ್ತ.

"ಎಲ್ಲೀದು ತಂದ್ಯೋ ಮಾರಾಯ? ಹ್ವಾದ ವರ್ಷ ಫ್ಯಾನಿನ ಗಾಳಿಗೆ ಹೊಳ್ಳಿತ್ತು. ಗಾಳಿಗೆ ನಾ ಜವಾಬ್ದಾರೇನು?" ಎಂದರು ಗುರುಪುತ್ರಪ್ಪ ಸರ್.

"ಫ್ಯಾನಿನ ಬಟನ್ ಬಲ್ಲಿ ಯಾರು ಕುಂತಿದ್ರು, ಅದನ್ನ ಹೇಳು!"

ಚಹಾ ಆರಿ ಕೆನೆಗಟ್ಟಿತು. ಕೀಲಿಯ ತುದಿಯನ್ನು ಅವರು ಮೇಜಿನ ಅಂಚಿಗೆ ಒರೆಸಿದರು. ನನ್ನ ಬಿಸ್ಕತ್ತು ಅಲ್ಲೇ ಇತ್ತು. ಕೊನೆಗೆ, ಪುಸ್ತಕವನ್ನು ನಿಲ್ಲಿಸಿ ಇಡುವುದು ಎಂದು ಠರಾವಾಯಿತು.

ಕರಡು ತಿದ್ದುವ ಪದ್ಧತಿಯನ್ನೂ ಇವತ್ತು ತಿಳಿದುಕೊಂಡೆ. ಗುರುಪುತ್ರಪ್ಪ ಸರ್ ಕನ್ನಡದ ಕಡೆಯಿಂದ ಓದುತ್ತ ನಡುವಿನವರೆಗೆ ಬಂದು ಸಹಿ ಹಾಕುತ್ತಾರೆ. ಬಾಳಾಸಾಹೇಬ ಸರ್ ಆ ಕಡೆಯಿಂದ ಬಂದು ಸಹಿ ಹಾಕುತ್ತಾರೆ. ಅಡ್ಡ ಪುಟ ಯಾರದು ಎಂದು ಕೇಳಿದರೆ ಇಬ್ಬರೂ ಎದುರಿನವರ ಕಡೆ ಕೈ ತೋರಿಸುತ್ತಾರೆ. ಚರಿತ್ರೆ ಯಾವ ಬದಿಗೆ ಬಂದರೂ ಜಗಳ, ಆದ್ದರಿಂದ ಅದಕ್ಕೆ ಸಿಕ್ಕಿರುವುದು ಆ ಪುಟವೇ.

ಧೈರ್ಯ ಮಾಡಿ ಒಂದೇ ಪ್ರಶ್ನೆ ಕೇಳಿದೆ. "ಈ ಎರಡು ಮುಖದ ಕಲ್ಪನೆ ಯಾರದು ಸರ್?"

"ನಂದು," ಎಂದರು ಇಬ್ಬರೂ, ಒಟ್ಟಿಗೆ.

ಮೆಟ್ಟಿಲಿಳಿಯುವಾಗ ಬಾಳಾಸಾಹೇಬ ಸರ್ ನನ್ನ ಹೆಗಲ ಮೇಲೆ ಕೈ ಹಾಕಿದರು. "ಅವ ಸುಳ್ಳ ಹೇಳ್ತಾನ್ರಿ. ಅವನ ತಲಿಯಾಗ ಅದು ಬರೂದಽ ಶಕ್ಯ ಇಲ್ಲ. ಖರೇ ಅಂದ್ರ ಅವತ್ತ ನಜ್ಮಾ ಬೋರ್ಡ್ ಬಾಜೂಕ ನಿಂತು..." ಅಲ್ಲಿಗೆ ನಿಂತರು. ಹೆಗಲ ಮೇಲಿನ ಕೈ ಬೆವೆತಿತ್ತು.

೨೧ ಡಿಸೆಂಬರ್

"ನಜ್ಮಾ ಯಾರು ಸರ್?"

ಗುರುಪುತ್ರಪ್ಪ ಸರ್ ಕಿಟಕಿಗೆ ಹೋಗಿ ಉಗುಳಿ ಬಂದರು. "ಖಾನಾಪುರದಾಕಿ. ನಮ್ಮ ಕೂಡ ಓದತಿದ್ಲು. ಲಗ್ನಾಗಿ ಹ್ವಾದ್ಲು. ಅದೆಲ್ಲಾ ನಿಮಗ ಬ್ಯಾಡ." ಸ್ವಲ್ಪ ಹೊತ್ತಿನ ನಂತರ, ನಾನೇನೂ ಕೇಳದಿದ್ದರೂ, "ಬಸ್ ಕೆಟ್ಟದ್ದಕ್ಕ ನಾವೇನು ಮಾಡೂದ್ರಿ?" ಎಂದರು.

೨೭ ಡಿಸೆಂಬರ್, ನಂದಗಡ

ಊರಿಗೆ ಬರುವಾಗ ಖಾನಾಪುರದಲ್ಲಿ ಬಸ್ಸು ಬದಲಿಸಬೇಕು. ಸ್ಟ್ಯಾಂಡಿನ ಹಣ್ಣಿನವನನ್ನು ನಜ್ಮಾ ಯಾರೆಂದು ಕೇಳಿದೆ. "ಬೆಳಗಾವಿ ಕಾಲೇಜಿಗೆ ಹೋಗಿದ್ರಲ್ಲ, ನಜ್ಮುನ್ನಿಸಾ. ಹಂಚಿನ ಭಟ್ಟಿ ಸರದಾರಸಾಬರ ಮನಿ, ಹಿಂಗಽ ಹೋಗ್ರಿ," ಎಂದ. ಇಷ್ಟು ವರ್ಷದ ಮೇಲೂ ಕಾಲೇಜೇ ಅವಳ ಗುರುತು. ಹೇಳುವಾಗ ಅವನ ತುಟಿಯ ಅಂಚಿನಲ್ಲಿ ಏನೋ ಇತ್ತು, ನನಗೆ ಹಿಡಿಸಲಿಲ್ಲ.

ಮನೆ ಸಂತೆಯ ಸಾಲಿನ ಹಿಂದೆ. ಒಣಮೀನಿನ ವಾಸನೆ ಗಂಟಲಿಗೇ ಹತ್ತಿತು. ಅಂಗಳದ ತುಂಬ ಕೋಳಿಗಳು. ಕುರ್ಚಿಯ ಮೇಲೂ ಅವುಗಳ ಗುರುತು. ಕರವಸ್ತ್ರ ಹಾಸಿ ಕುಳಿತೆ. ಆ ಹೆಂಗಸು ಅದನ್ನು ನೋಡಿದಳು. ನಲವತ್ತರ ಮೇಲಿನ ವಯಸ್ಸು, ನೇರ ಬೆನ್ನು, ಕೈಗೆಲ್ಲ ಕೆಮ್ಮಣ್ಣು.

"ದೀಪಮಾಲಿಗೆ ಇಪ್ಪತ್ತೈದಾತೇನು!" ಎಂದು ನಕ್ಕಳು. "ಮೊದಲನೇ ವರ್ಷ ಹುಟ್ಟತೈತೋ ಇಲ್ಲೋ ಅನ್ನೂ ಹಂಗಿತ್ತು. ಕನ್ನಡ ಮುಂದ ಬರ್ಲಿ, ಮರಾಠಿ ಮುಂದ ಬರ್ಲಿ ಅಂತ ಗುರುಪುತ್ರಪ್ಪ, ಬಾಳ್ಯಾ ಇಬ್ರೂ ಕಾಲರ್ ಹಿಡಕೊಂಡಿದ್ರು. ನಮ್ಮ ಮನ್ಯಾಗ ಆಡೂದು ಎರಡೂ ಅಲ್ಲ, ಹಿಂಗಾಗಿ ನನಗ ಯಾವುದು ಮುಂದಾದ್ರೂ ಅಷ್ಟಽ. ಬೋರ್ಡಿನ ಬಾಜೂಕ ನಿಂತು ಒಂದು ಪಾಟಿ ಹಿಡದು ಹೊಳ್ಳಿಸಿ ತೋರಿಸಿದ್ನಿ. ಹೀಂಗ ನೋಡಿದ್ರ ಇವನ ಮುಂದ, ಹೀಂಗ ನೋಡಿದ್ರ ಅವನ ಮುಂದ. ಇಬ್ರೂ ಗಪ್!"

ಆಮೇಲೆ ಅಚ್ಚಿಗೆ ಬೇಕಾದ ಫೋಟೋ ಬ್ಲಾಕು ಮಾಡಿಸಲು ಮೂವರೂ ಕೊಲ್ಲಾಪುರಕ್ಕೆ ಹೋದರು. ಬರುವಾಗ ನಿಪ್ಪಾಣಿಯ ಹತ್ತಿರ ಘಾಟಿನಲ್ಲಿ ಬಸ್ಸು ಕೆಟ್ಟಿತು. ಪ್ರಯಾಣಿಕರೆಲ್ಲ ನಿಪ್ಪಾಣಿ ಸ್ಟ್ಯಾಂಡಿನಲ್ಲಿ ಬೆಳಗಿನ ತನಕ ಕುಳಿತರು. ಮರುದಿನ ಊರಲ್ಲಿ ಮಾತು ಶುರು. ಪ್ರಿನ್ಸಿಪಾಲರು ಮೂವರನ್ನೂ ಕರೆಸಿ ಏನಾಯಿತೆಂದು ಕೇಳಿದರು. ಬಸ್ಸು ಕೆಟ್ಟಿತೆಂದು ಇವಳು ಹೇಳಿದಳು. ಅವರಿಬ್ಬರನ್ನು ಕೇಳಿದಾಗ ನೆಲ ನೋಡುತ್ತ ನಿಂತರು.

"ಹೌದು ಅಂದಿದ್ರ ಸಾಕಾಗಿತ್ತು. ಅಷ್ಟಽ. ಹೌದು." ಕಾಲೇಜು ಬಿಡಿಸಿದರು. ಸಂಚಿಕೆಯಲ್ಲಿ ಅವಳ ಹೆಸರೂ ಬರಲಿಲ್ಲ.

ಮಗಳು ಮದರಬೀ ಎಸ್ಸೆಸ್ಸೆಲ್ಸಿ ಓದುತ್ತಿದ್ದಾಳೆ. ಬೆಳಗಾವಿ ಕಾಲೇಜಿಗೆ ಸೇರುವ ಆಸೆ. ಮೈದುನ ಗನಿ ಒಪ್ಪುವುದಿಲ್ಲ. ಅವ್ವ ಹೋಗಿ ಹೆಸರು ಕೆಡಿಸಿಕೊಂಡು ಬಂದದ್ದು ಸಾಲದೇ ಎನ್ನುತ್ತಾನಂತೆ. ಜೂನ್‌ನೊಳಗೆ ಲಗ್ನ ಮಾಡಬೇಕೆಂದು ಹೂಡಿದ್ದಾನೆ. ಗಂಡ ಸರದಾರಸಾಬ ತಮ್ಮನಿಗೆ ಎದುರಾಡುವವನಲ್ಲ.

"ನಾ ಹೇಳಿದ್ರ ಬಾಯಿಮಾತು. ಕಾಲೇಜಿನವರು ಅಚ್ಚು ಹಾಕಿದ್ರ ಗನಿ ನಂಬತಾನ. ಒಂದು ಸಾಲು ಬರೀತೀರೇನ್ರಿ?"

ಹೂಂ ಎಂದೆ. ನನಗೆ ಬೇರೆ ಏನೂ ಹೇಳಲು ಬರುವುದಿಲ್ಲ. ಚಹಾ ತಂದಿಟ್ಟಳು. ಕಪ್ಪಿನ ಅಂಚು ನೋಡಿದೆ. ಹೊಟ್ಟೆ ಸರಿಯಿಲ್ಲವೆಂದೆ.

"ಹೌದು, ನಮ್ಮ ಮನಿಗೆ ಬಂದವರಿಗೆ ಹೊಟ್ಟಿ ಭಾಳ ಕೆಡತಾವು," ಎಂದು ಕಪ್ಪನ್ನು ಒಳಗೆ ಒಯ್ದಳು.

ಮನೆಗೆ ಬಂದು ಸ್ನಾನ ಮಾಡಿದೆ.

೧೫ ಜನವರಿ ೧೯೮೨

ಬರೆದು ಮುಗಿಸಿದೆ. ಕನ್ನಡದ ಕೆಳಗೆ ಅದನ್ನೇ ಮರಾಠಿಯಲ್ಲಿ. ಆ ಸಾಲುಗಳನ್ನು ಎಷ್ಟು ಸಲ ತಿದ್ದಿದೆನೋ. ಈಗ ಹೀಗಿವೆ:

'ಎರಡು ಮುಖಗಳ ಈ ಪುಸ್ತಕವನ್ನು ಕಲ್ಪಿಸಿ ಮೊದಲ ಸಂಚಿಕೆಯನ್ನು ರೂಪಿಸಿದವರು ಖಾನಾಪುರದ ವಿದ್ಯಾರ್ಥಿನಿ ನಜ್ಮುನ್ನಿಸಾ. ಬ್ಲಾಕು ತರಲು ಇಬ್ಬರು ಸಹಪಾಠಿಗಳೊಡನೆ ಕೊಲ್ಲಾಪುರಕ್ಕೆ ಹೋಗಿ, ಬಸ್ಸು ಕೆಟ್ಟು ಮರುದಿನ ಮರಳಿದ್ದಕ್ಕೆ ಅವರನ್ನು ಕಾಲೇಜು ಬಿಡಿಸಲಾಯಿತು. ಸಹಪಾಠಿಗಳಿಬ್ಬರೂ ಓದು ಮುಂದುವರಿಸಿದರು.'

ಸಹಪಾಠಿಗಳ ಹೆಸರು ಹಾಕಿಲ್ಲ. ಅಷ್ಟು ಎದೆ ನನಗಿಲ್ಲ.

೨೨ ಜನವರಿ

ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತು ಓದಿದರು. ಇಪ್ಪತ್ತೈದು ವರ್ಷದಲ್ಲಿ ಇವರಿಬ್ಬರು ಒಂದು ಮಾತಿಗೆ ಒಪ್ಪಿದ್ದನ್ನು ಯಾರೂ ನೋಡಿಲ್ಲವಂತೆ. ನಾನು ನೋಡಿದೆ.

"ಚಲೋ ಬರದೀರಿ. ಈ ಮೂರು ಸಾಲು ತಗೀರಿ," ಎಂದರು ಗುರುಪುತ್ರಪ್ಪ ಸರ್.

"ಬರೋಬರ್," ಎಂದರು ಬಾಳಾಸಾಹೇಬ ಸರ್.

"ಸುಳ್ಳೇನು ಸರ್?"

"ಸುಳ್ಳು ಅಂತ ಯಾರಂದ್ರು? ಖರೇನಽ ಐತಿ. ಖರೇ ಇದ್ದದ್ದೆಲ್ಲಾ ಬರೀತಾರೇನು? ಆಕಿಗೂ ಮಕ್ಕಳು ಮರಿ ಅದಾವು, ಆಕಿ ಮರ್ಯಾದಿ ಸಲುವಾಗಿನಽ ಹೇಳಾಕತ್ತೀವಿ."

"'ಅಂದಿನ ಉತ್ಸಾಹಿ ತರುಣರಿಬ್ಬರ ಕಲ್ಪನೆ' ಅಂತ ಬರೀರಿ," ಎಂದರು ಬಾಳಾಸಾಹೇಬ ಸರ್. "ಹೆಸರು ಬ್ಯಾಡ. ಯಾರು ಅಂತ ಮಂದಿಗೆ ತಿಳೀತೈತಿ."

ಗುರುಪುತ್ರಪ್ಪ ಸರ್ ಅಡಿಕೆ ಡಬ್ಬಿ ತೆಗೆದು ಮೊದಲು ಬಾಳಾಸಾಹೇಬ ಸರ್‌ಗೆ ಹಿಡಿದರು, ಆಮೇಲೆ ನನಗೆ. "ಜೂನ್ ದೂರ ಇಲ್ರಿ ಚನ್ನಬಸಯ್ಯ."

ತೆಗೆದುಕೊಂಡೆ. ಹೊರಗೆ ಬಂದು ಗಟಾರಿನಲ್ಲಿ ಉಗುಳಿದೆ. ಬಾಯಿ ತೊಳೆದ ಮೇಲೂ ಅದರ ರುಚಿ ಹೋಗಲಿಲ್ಲ. ರಾತ್ರಿ ಊಟ ಸೇರಲಿಲ್ಲ.

೨೫ ಜನವರಿ

ಅವರು ಹೇಳಿದಂತೆ ಒಂದು ಪ್ರತಿ ಬರೆದು ಕೊಟ್ಟೆ. ಇಬ್ಬರೂ ಮೆಚ್ಚಿದರು. ಅಚ್ಚುಕೂಟಕ್ಕೆ ನೀವೇ ಮುಟ್ಟಿಸಿ ಎಂದರು. ಇನ್ನೂ ಮುಟ್ಟಿಸಿಲ್ಲ. ಎರಡೂ ಪ್ರತಿ ಚೀಲದಲ್ಲಿವೆ.

೭ ಫೆಬ್ರವರಿ

ಹೇಳಿಬಿಡೋಣವೆಂದು ಖಾನಾಪುರಕ್ಕೆ ಹೋದೆ. ಮದರಬೀ ಕಟ್ಟೆಯ ಮೇಲೆ ಭೂಗೋಳ ಬಾಯಿಪಾಠ ಮಾಡುತ್ತಿದ್ದಳು. ಕೋಳಿಯೊಂದು ಅವಳ ಪುಸ್ತಕದ ಮೇಲೆ ಹತ್ತಿ ಕುಳಿತಿತ್ತು. "ಇದಕ್ಕೂ ಪರೀಕ್ಷಿ ಐತ್ರಿ," ಎಂದಳು.

ನಜ್ಮುನ್ನಿಸಾ ನನ್ನ ಮುಖ ನೋಡಿ, ನಾನು ಬಾಯಿ ತೆರೆಯುವ ಮೊದಲೇ, "ತಗಸಿದ್ರೇನು?" ಎಂದರು. ಹೂಂ ಎಂದೆ. ಅಳುತ್ತಾರೆಂದುಕೊಂಡಿದ್ದೆ. ಅಳಲಿಲ್ಲ.

"ಒಬ್ಬನಾರ ಬ್ಯಾಡ ಅಂದ್ನೇನು, ಇಬ್ರೂ ಕೂಡಿನೋ?"

"ಇಬ್ಬರೂ ಕೂಡಿ."

"ಅವತ್ತೂ ಹಂಗಽ. ಇಬ್ರೂ ಕೂಡಿ ನೆಲಾ ನೋಡಿದ್ರು. ಬ್ಯಾರೆ ಎಲ್ಲಾದಕ್ಕೂ ಜಗಳ, ನನ್ನ ವಿಷಯದಾಗ ಮಾತ್ರ ಅಣ್ಣತಮ್ಮರು." ನಂತರ ನನ್ನ ಕಡೆ ತಿರುಗಿ, ಕುತೂಹಲದಿಂದ ಕೇಳಿದಂತೆ, "ನೀವೇನು ನೋಡಿದ್ರಿ ಆವಾಗ?" ಎಂದರು.

ಆವಾಗ ನಾನು ನೋಡಿದ್ದು ಅಡಿಕೆ ಡಬ್ಬಿಯನ್ನು. ಹೇಳಲಿಲ್ಲ.

ಗನಿ ಬಂದು ಕುಳಿತ. ಸೈಕಲ್ ಅಂಗಡಿಯವನು, ಉಗುರಿನಲ್ಲಿ ಗ್ರೀಸು. ನಾನು ನಂದಗಡದವನೆಂದು ತಿಳಿದು ಅಲ್ಲಿಯ ಸಂತೆಯ ದರ ಕೇಳಿದ. ಕೆಟ್ಟ ಮನುಷ್ಯನಂತೆ ಕಾಣಲಿಲ್ಲ. ಹುಡುಗಿಯ ವಿಷಯ ಬಂದಾಗ ಮಾತ್ರ, "ನಾಳೆ ಮಂದಿ ಅಂದ್ರ ನಾ ಯಾರ ಮಾರಿ ನೋಡ್ಲಿ?" ಎಂದ. ಅವನ ಚಹಾ ಮುಗಿದ ಮೇಲೆ ಕೊನೆಯ ಬಸ್ಸಿಗೆ ಬಂದೆ.

ಬಸ್ಸು ದೇಸೂರು ದಾಟುವವರೆಗೆ ಆ ಎರಡೂ ಪ್ರತಿಗಳನ್ನು ಓದಿದೆ. ಎರಡನೆಯದೂ ನನ್ನ ಅಕ್ಷರದಲ್ಲೇ ಇದೆ. ಇಷ್ಟು ಹೊಲಸಾದುದನ್ನು ನಾನು ಇದುವರೆಗೆ ಮುಟ್ಟಿರಲಿಲ್ಲ.

೯ ಫೆಬ್ರವರಿ

ದುಂಡಪ್ಪನ ಅಚ್ಚುಕೂಟಕ್ಕೆ ಹೋಗಿ ಮೊದಲನೆಯ ಪ್ರತಿ ಕೊಟ್ಟೆ. ಎರಡನೆಯದನ್ನು ಅವನ ಒಲೆಗೆ ಹಾಕಿದೆ.

"ಏನ್ರೀ ಅದು?"

"ಕಸ."

೧೮ ಫೆಬ್ರವರಿ

ಕರಡು ಬಂತು.

ಗುರುಪುತ್ರಪ್ಪ ಸರ್ ಕನ್ನಡದ ಕಡೆಯಿಂದ ಓದುತ್ತ ಬಂದರು. ಅಲ್ಪಪ್ರಾಣ ಮಹಾಪ್ರಾಣ ಹಿಡಿದು ಬೈದರು. ಅಡ್ಡ ಪುಟಕ್ಕೆ ಬಂದಾಗ ಅವರು ಕತ್ತು ಹೊರಳಿಸಲಿಲ್ಲ, ಪುಸ್ತಕವನ್ನೂ ತಿರುಗಿಸಲಿಲ್ಲ. "ಇದನ್ನ ಅವ ನೋಡತಾನ," ಎಂದು ಸಹಿ ಹಾಕಿದರು.

ಮಧ್ಯಾಹ್ನ ಬಾಳಾಸಾಹೇಬ ಸರ್ ಆ ಕಡೆಯಿಂದ ಬಂದರು. ಅಡ್ಡ ಪುಟ ಬಂದ ಕೂಡಲೇ ಕೀಲಿ ಜೇಬಿಗೆ ಹಾಕಿಕೊಂಡರು. "ಗುರುಪುತ್ರಪ್ಪ ನೋಡ್ಯಾನಲ್ಲ?"

"ಸಹಿ ಹಾಕಿದ್ದಾರೆ ಸರ್," ಎಂದೆ.

ಅವರೂ ಹಾಕಿದರು.

೬ ಮಾರ್ಚ್

ಬಿಡುಗಡೆ. ಪುಸ್ತಕವನ್ನು ನಿಲ್ಲಿಸಿ ಇಟ್ಟಿದ್ದರು. ಎರಡು ಸಲ ಬಿತ್ತು. ಸ್ವಾಗತ, ಹಾರ, ಇನ್ನಷ್ಟು ಹಾರ. ಗುರುಪುತ್ರಪ್ಪ ಸರ್ ಮಾತನಾಡುತ್ತಿದ್ದಾಗ ಮುಖ್ಯ ಅತಿಥಿಗಳಾದ ನಿವೃತ್ತ ಇಂಜಿನಿಯರರು ಬೇಸತ್ತು ಪುಸ್ತಕ ತಿರುವುತ್ತಿದ್ದರು. ನಡುವೆ ಬಂದಾಗ ಅದನ್ನು ಅಡ್ಡ ಹಿಡಿದರು. ಕನ್ನಡಕ ಹಾಕಿಕೊಂಡರು.

ತಮ್ಮ ಸರದಿ ಬಂದಾಗ ಬರೆದು ತಂದ ಭಾಷಣ ಬಿಟ್ಟು, "ಈ ನಜ್ಮುನ್ನಿಸಾ ಬಂದಾರೇನ್ರಿ? ಬಂದಿದ್ರ ದಯಮಾಡಿ ಎದ್ದು ನಿಂದರ್ರಿ, ನೋಡೂಣು," ಎಂದರು.

ಸಭೆಯಲ್ಲಿ ಎಲ್ಲರೂ ಹಿಂದೆ ತಿರುಗಿ ನೋಡಿದರು. ವೇದಿಕೆಯ ಮೇಲೆ ಇಬ್ಬರು ಮಾತ್ರ ನೆಲ ನೋಡುತ್ತಿದ್ದರು. ನಾನು ಅವರನ್ನೇ ನೋಡಿದೆ, ಕಣ್ಣು ಕೀಳಲಿಲ್ಲ.

೮ ಮಾರ್ಚ್

ಪುಸ್ತಕ ಹಂಚುವುದನ್ನು ತಡೆದಿದ್ದಾರೆ. ಪ್ರತಿಗಳೆಲ್ಲ ಮಂಡಳಿಯ ಕೋಣೆಯಲ್ಲಿವೆ.

"ಅಲ್ರೀ, ಉಂಡ ಮನ್ಯಾಗಽ ಹೇತು ಹೋಗಾವ್ರು ನೀವು!" ಎಂದರು ಗುರುಪುತ್ರಪ್ಪ ಸರ್. ಹನಿ ಹಾರಿ ಕೆನ್ನೆಗೆ ಬಿತ್ತು. ಒರೆಸಿಕೊಂಡೆ, ಅವರೆದುರಿಗೇ.

"ಕರಡಿಗೆ ನಿಮ್ಮ ಸಹಿ ಇದೆ ಸರ್."

"ನಾ ಅವ ನೋಡ್ಯಾನ ಅಂತ..." ಎಂದು ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಜೂನ್‌ನ ಜಾಗ ಇನ್ನು ನನ್ನದಲ್ಲ. ನಾಳೆಯಿಂದ ಬರಬೇಡಿ ಎಂದರು.

ಆ ಪುಟದ ಮೇಲೆ ಕಾಗದ ಅಂಟಿಸುವುದೆಂದು ಠರಾವು. ಗುಲಾಬಿ ಬಣ್ಣದ ಹಾಳೆ ತರಿಸಿದ್ದಾರೆ. ಅದರ ಮೇಲೆ 'ಶುಭಾಶಯ' ಎಂದು ಅಚ್ಚು ಹಾಕಬೇಕೆಂದಿದ್ದರಂತೆ. ಮೇಲೆ ಕನ್ನಡವೋ ಮರಾಠಿಯೋ ಎಂದು ಜಗಳವಾಗಿ, ಕೊನೆಗೆ ಏನೂ ಬರೆಯದ ಖಾಲಿ ಹಾಳೆಯನ್ನೇ ಅಂಟಿಸುತ್ತಿದ್ದಾರೆ. ಹೊರಡುವಾಗ ಕಿಟಕಿಯಿಂದ ನೋಡಿದೆ. ಬಕೆಟಿನ ತುಂಬ ಹುಳಿ ನಾರುವ ಮೈದಾ ಅಂಟು. ಇಬ್ಬರೂ ಅಂಗಿಯ ತೋಳು ಮಡಚಿ ಅಕ್ಕಪಕ್ಕ ಕುಳಿತಿದ್ದರು. ಒಬ್ಬರು ಹಚ್ಚುತ್ತಿದ್ದರು, ಇನ್ನೊಬ್ಬರು ಒತ್ತುತ್ತಿದ್ದರು.

೧೨ ಮಾರ್ಚ್

ಚಂದ್ರವ್ವನ ಅಕ್ಕನ ಮಗ ಹಾಸ್ಟೆಲಿನಲ್ಲಿದ್ದಾನೆ. ಇನ್ನೂ ಹಾಳೆ ಬಿಚ್ಚದ ತನ್ನ ಪ್ರತಿ ತಂದುಕೊಟ್ಟ. ಅಲ್ಲಿ ಈಗ ಎಲ್ಲರಿಗೂ ಅದೇ ಕೆಲಸವಂತೆ, ಅನ್ನದ ಹಂಡೆಯ ಹಬೆಗೆ ಪುಸ್ತಕ ಹಿಡಿದು ಹಾಳೆ ಬಿಚ್ಚುವುದು. ಇಷ್ಟು ವರ್ಷ ಅಡ್ಡ ಪುಟವನ್ನು ಯಾರೂ ತಿರುಗಿಯೂ ನೋಡಿರಲಿಲ್ಲ.

"ನೌಕರಿ ಹೋತಂತ?" ಎಂದಳು ಚಂದ್ರವ್ವ.

"ಹೂಂ."

"ಇವತ್ತರ ಅಂಗಿ ಒಗೀಬ್ಯಾಡ್ರಿ, ಉಣ್ಣಾಕ ಬರ್ರಿ."

೧೪ ಮಾರ್ಚ್, ಖಾನಾಪುರದಿಂದ ಬಂದು

ನಜ್ಮಕ್ಕ ಪುಸ್ತಕವನ್ನು ಆ ಕಡೆಯಿಂದಲೂ ತೆರೆಯಲಿಲ್ಲ, ಈ ಕಡೆಯಿಂದಲೂ ತೆರೆಯಲಿಲ್ಲ. ನಡುವಿಗೇ ಹೆಬ್ಬೆರಳು ಹಾಕಿದರು. ಗುಲಾಬಿ ಹಾಳೆಯ ಮೂಲೆಯನ್ನು ಉಗುರಿನಿಂದ ಕೆರೆದು ನೋಡಿದರು.

"ಇದು ಯಾರ ಕೈಕೆಲಸ?"

"ಇಬ್ಬರೂ ಕೂಡಿ."

"ಅಂಟೂ ನೆಟ್ಟಗ ಕಲಸಾಕ ಬರೂದಿಲ್ಲ ಇವಕ್ಕ," ಎಂದು ಒಳಗೆ ನಡೆದರು. ಹಿಂದೆಯೇ ಹೋದೆ. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಪುಟವನ್ನು ಅದರ ಹಬೆಗೆ ಹಿಡಿದರು. ಹಾಳೆ ಮೂಲೆಯಿಂದ ಎದ್ದು, ಮೆಲ್ಲಗೆ, ಒದ್ದೆಯಾಗಿ ಕಳಚಿ ಬಂತು. ಪುಸ್ತಕವನ್ನು ಕಾಲುಸುತ್ತು ತಿರುಗಿಸಿ ಓದಿದರು. ಒಮ್ಮೆ ಕನ್ನಡ, ಒಮ್ಮೆ ಮರಾಠಿ. ಆಮೇಲೆ, "ಗನೀ, ಬಾ ಇಲ್ಲೆ," ಎಂದು ಕೂಗಿದರು.

ಗನಿ ಕೈ ಒರೆಸಿಕೊಂಡು ನಿಧಾನವಾಗಿ ಓದಿದ. ಎರಡನೆಯ ಸಲ ಬೆರಳಿಟ್ಟು ಓದಿದ. ಆ ಸಾಲುಗಳ ಕೆಳಗೆ ಗ್ರೀಸಿನ ಗೆರೆ ಮೂಡಿತು.

"ಅಂದ್ರ, ಬಸ್ ಕೆಟ್ಟಿತ್ತು. ಅಷ್ಟಽ?"

"ಇಪ್ಪತ್ನಾಕು ವರ್ಷದಿಂದ ನಾ ಮತ್ತೇನು ಹೇಳಾಕತ್ತೀನಿ?"

ಅವನು ಪುಸ್ತಕ ಮುಚ್ಚಲಿಲ್ಲ. "ಇದನ್ನ ಅಂಗಡಿಗೆ ಒಯ್ತೀನಿ. ನಾಕು ಮಂದಿ ನೋಡ್ಲಿ," ಎಂದ. ಬಾಗಿಲಲ್ಲಿ ನಿಂತು, ಯಾರ ಕಡೆಯೂ ನೋಡದೆ, "ಕಾಲೇಜಿನ ಅರ್ಜಿ ಯಾವಾಗ ಕೊಡತಾರಂತ ಕೇಳ್ರಿ ಅವರನ್ನ," ಎಂದು ಹೋದ.

ಮದರಬೀ ಭೂಗೋಳ ಕೆಳಗಿಟ್ಟಳು. "ಅಲ್ಲೆ ಕನ್ನಡ ನೀವಽ ಕಲಸ್ತೀರೇನ್ರಿ ಮಾಮಾ?"

"ಇಲ್ಲ. ನನ್ನನ್ನು ಬಿಡಿಸಿದರು."

"ನಿಮ್ಮ ಬಸ್ಸೂ ಕೆಟ್ಟಿತೇನು?" ಎಂದರು ನಜ್ಮಕ್ಕ. ಅವರು ನಕ್ಕದ್ದಕ್ಕೆ ಕೋಳಿಗಳು ಚದುರಿದವು. ಒಂದು ಬಂದು ನನ್ನ ತೊಡೆಯ ಮೇಲೆ ಕುಳಿತಿತು. ಅದನ್ನು ಎಬ್ಬಿಸಬೇಕಾದರೆ ಅವರು ಕೊಟ್ಟ ಚಹಾದ ಕಪ್ಪು ಕೆಳಗಿಡಬೇಕಾಗುತ್ತಿತ್ತು.

ಚಹಾದಲ್ಲಿ ಗುಲಾಬಿ ಹಾಳೆಯ ಒಂದು ಚೂರು, ಅಂಟಿನ ಸಮೇತ, ತೇಲುತ್ತಿತ್ತು. ಬೆರಳಿನಿಂದ ತೆಗೆದು ಅಂಗಳಕ್ಕೆ ಎಸೆದು ಕುಡಿದೆ. ಸಕ್ಕರೆ ಸ್ವಲ್ಪ ಹೆಚ್ಚಾಗಿತ್ತು.